ಕ್ಯಾಮೆರಾದಲ್ಲೇ ಸ್ಟಾರ್ ಹಾಕಿದರೆ ಮದುವೆ ಫೋಟೊಗಳ ಆಯ್ಕೆ ಬೇಗ ಮುಗಿಯುತ್ತದೆಯೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯಲ್ಲಿ ಮದುವೆ ಫೋಟೊಗ್ರಫಿ ಮಾಡುತ್ತೇನೆ. ಎರಡು ದಿನದ ಮದುವೆಗೆ ಸುಮಾರು 4,000 ಚಿತ್ರಗಳಾಗುತ್ತವೆ. ಅದರಲ್ಲಿ ಆಲ್ಬಮ್ಮಿಗೆ ಬೇಕಾದ 300 ಚಿತ್ರಗಳನ್ನು ಆರಿಸುವುದಕ್ಕೇ ಮೂರು ನಾಲ್ಕು ರಾತ್ರಿ ಹಿಡಿಯುತ್ತದೆ. ಕ್ಯಾಮೆರಾದಲ್ಲೇ ರೇಟಿಂಗ್ ಕೊಟ್ಟುಬಿಟ್ಟರೆ ಅರ್ಧ ಕೆಲಸ ಮುಗಿದಂತೆ ಎಂದು ಸ್ನೇಹಿತರೊಬ್ಬರು ಹೇಳಿದರು. ಕಳೆದ ಮದುವೆಯಲ್ಲಿ ಪ್ರತಿ ಚಿತ್ರಕ್ಕೂ ಒಂದರಿಂದ ಐದರವರೆಗೆ ಸ್ಟಾರ್ ಕೊಡುತ್ತಾ ಹೋದೆ. ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿಯಾಯಿತು. ಧಾರೆ ಎರೆದ ಮೇಲೆ ವಧುವಿನ ತಂದೆ ಕಣ್ಣೊರೆಸಿಕೊಂಡಾಗ ನಾನು ಕ್ಯಾಮೆರಾದ ಪರದೆ ನೋಡುತ್ತಿದ್ದೆ. ಆ ಚಿತ್ರ ಸಿಗಲಿಲ್ಲ. ಮನೆಗೆ ಬಂದು ಚಿತ್ರ ಆಯ್ದು ತಿದ್ದುವ ಲೈಟ್‌ರೂಮ್ ತಂತ್ರಾಂಶ ತೆರೆದರೆ ಒಂದೇ ಒಂದು ಸ್ಟಾರ್ ಕಾಣಲಿಲ್ಲ. ಎರಡನೆಯ ಕ್ಯಾಮೆರಾವನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಈ ವಿಧಾನ ನಮ್ಮಂಥವರಿಗೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುತ್ತದೆ. ಆದರೆ ನೀವು ಮಾಡಿದ ರೀತಿಯಲ್ಲಿ ಯಾರಿಗೂ ಸರಿಹೋಗುವುದಿಲ್ಲ. ನಿಮ್ಮ ಮೂರು ತೊಂದರೆಗಳಲ್ಲಿ ಮೊದಲ ಎರಡಕ್ಕೆ ಒಂದೇ ಕಾರಣವಿದೆ: ಕಂಪ್ಯೂಟರಿನ ಮುಂದೆ ಕೂತು ಮಾಡಬೇಕಾದ ಕೆಲಸವನ್ನು ನೀವು ಮಂಟಪದ ಮುಂದೆ ನಿಂತು ಮಾಡಲು ಹೋದಿರಿ. ಮೂರನೆಯದು ತಾಂತ್ರಿಕ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಲೆಕ್ಕ ಹಾಕೋಣ. 4,000 ಚಿತ್ರಗಳನ್ನು ಒಂದೊಂದಕ್ಕೆ ಮೂರು ಸೆಕೆಂಡಿನಂತೆ ನೋಡಿದರೆ 12,000 ಸೆಕೆಂಡು, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಒಂದು ಸಂಜೆಯ ಕೆಲಸ. ನಿಮಗೆ ಮೂರು ನಾಲ್ಕು ರಾತ್ರಿ ಹಿಡಿಯುತ್ತಿದೆ ಎಂದರೆ ಉಳಿದ ಸಮಯವನ್ನು ತಿನ್ನುತ್ತಿರುವುದು ಚಿತ್ರಗಳ ಸಂಖ್ಯೆಯಲ್ಲ, ಅನುಮಾನ. ಮಾಂಗಲ್ಯಧಾರಣೆಯ ಹದಿನೈದು ಚಿತ್ರಗಳ ನಡುವೆ ಹಿಂದೆ ಮುಂದೆ ಓಡಾಡುವುದು, ಒಂದನ್ನು ಆರಿಸಿ ಬಣ್ಣ ಸರಿಮಾಡಲು ತೊಡಗುವುದು, ಅರ್ಧಕ್ಕೆ ಬಿಟ್ಟು ಮತ್ತೊಂದಕ್ಕೆ ಹೋಗುವುದು. ಈ ಅನುಮಾನವನ್ನು ಕಡಿಮೆ ಮಾಡುವುದೇ ಕ್ಯಾಮೆರಾದಲ್ಲಿ ಹಾಕುವ ಸ್ಟಾರ್‌ನ ಕೆಲಸ. ಚಿತ್ರ ಎಷ್ಟು ಚೆನ್ನಾಗಿದೆ ಎಂದು ಅಂಕ ಕೊಡುವ ಸಾಧನ ಅದಲ್ಲ. ಆ ಗಳಿಗೆಯಲ್ಲಿ ಅಲ್ಲಿದ್ದ ನಿಮಗೆ ಗೊತ್ತಿದ್ದ ಸಂಗತಿಯನ್ನು, ನಾಲ್ಕು ದಿನ ಕಳೆದು ಕಂಪ್ಯೂಟರಿನ ಮುಂದೆ ಕೂರುವ ನಿಮಗೆ ದಾಟಿಸುವ ಚೀಟಿ ಅದು.

ನನಗೆ ಇದು ಅರ್ಥವಾದದ್ದು ಮಲೆನಾಡಿನ ಒಂದು ಮದುವೆಯಲ್ಲಿ. ಆರತಕ್ಷತೆಯ ಸಾಲಿನಲ್ಲಿ ವಯಸ್ಸಾದವರೊಬ್ಬರು ಬಂದು ವಧುವಿನ ಅಜ್ಜಿಯ ಕೈ ಹಿಡಿದುಕೊಂಡು ಮಾತಿಲ್ಲದೆ ನಿಂತರು. ಪಕ್ಕದಲ್ಲಿದ್ದವರು ನನ್ನ ಕಿವಿಯಲ್ಲಿ ಹೇಳಿದರು: ಅವರು ಅಜ್ಜಿಯ ತಮ್ಮ, ಜಮೀನಿನ ಜಗಳವಾಗಿ ಹನ್ನೆರಡು ವರ್ಷದಿಂದ ಈ ಮನೆಗೆ ಬಂದಿರಲಿಲ್ಲ. ನಾನು ತೆಗೆದ ಮೂರು ಚಿತ್ರಗಳಲ್ಲಿ ಒಂದು ಅಲುಗಾಡಿತ್ತು, ಇನ್ನೊಂದಕ್ಕೆ ಯಾರದೋ ಭುಜ ಅಡ್ಡ ಬಂದಿತ್ತು. ಮೂರನೆಯದರಲ್ಲಿ ಫೋಕಸ್ ಮುಖಕ್ಕಿಂತ ಸ್ವಲ್ಪ ಹಿಂದಕ್ಕೆ ಬಿದ್ದಿತ್ತು. ವಾರದ ನಂತರ, ರಾತ್ರಿ ಹನ್ನೊಂದಕ್ಕೆ, ಸಾವಿರ ಚಿತ್ರಗಳನ್ನು ದಾಟಿ ಬಂದ ಕಣ್ಣಿಗೆ ಆ ಮೂರೂ ಕಸವಾಗಿಯೇ ಕಾಣುತ್ತಿದ್ದವು. ಆದರೆ ಮೂರನೆಯದಕ್ಕೆ ನಾನು ಅಲ್ಲಿಯೇ ಒಂದು ಸ್ಟಾರ್ ಹಾಕಿದ್ದೆ. ಅದನ್ನು ಕಂಡಾಗ ಆ ಪಿಸುಮಾತು ನೆನಪಾಯಿತು. ಆಲ್ಬಮ್ ಕೊಟ್ಟ ದಿನ ಆ ಮನೆಯವರು ಹೆಚ್ಚು ಹೊತ್ತು ನೋಡಿದ್ದು ಆ ಪುಟವನ್ನು. ಅಂದಿನಿಂದ ಸ್ಟಾರ್ ಹಾಕುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಈಗ ನನಗೆ ಗೊತ್ತಿರುವ ಯಾವ ವಿಷಯ ನಾಲ್ಕು ದಿನದ ನಂತರ ಮರೆತುಹೋಗಬಹುದು?

ಈ ಪ್ರಶ್ನೆ ಇಟ್ಟುಕೊಂಡರೆ ಐದು ಮಟ್ಟದ ಅಂಕ ಬೇಕಾಗುವುದಿಲ್ಲ. ಮೂರು ಸ್ಟಾರ್‌ಗೂ ನಾಲ್ಕು ಸ್ಟಾರ್‌ಗೂ ಏನು ವ್ಯತ್ಯಾಸ ಎಂದು ಬೆಳಿಗ್ಗೆ ಒಂಬತ್ತಕ್ಕೆ ನೀವು ನಿರ್ಧರಿಸಿದ್ದು ಸಂಜೆಯ ಹೊತ್ತಿಗೆ ಬದಲಾಗಿರುತ್ತದೆ. ನಾನು ಎರಡೇ ಗುರುತು ಬಳಸುತ್ತೇನೆ. ಒಂದು ಸ್ಟಾರ್ ಎಂದರೆ ‘ಇದನ್ನು ಬಿಡಬಾರದು’. ಎರಡು ಸ್ಟಾರ್ ಎಂದರೆ ‘ಇದು ಇಂದೇ ಬೇಕು’, ಅಂದರೆ ಆ ರಾತ್ರಿಯೇ ಮನೆಯವರಿಗೆ ಮೊಬೈಲಿಗೆ ಕಳುಹಿಸುವ ಹತ್ತು ಹನ್ನೆರಡು ಚಿತ್ರಗಳಲ್ಲಿ ಒಂದು. ಉಳಿದ ಯಾವುದಕ್ಕೂ ಗುರುತು ಇಲ್ಲ. ಗುರುತು ಇಲ್ಲದಿರುವುದರ ಅರ್ಥ ‘ಬೇಡ’ ಎಂದಲ್ಲ, ‘ಇನ್ನೂ ನೋಡಿಲ್ಲ’ ಎಂದು. 4,000 ಚಿತ್ರಗಳಲ್ಲಿ 150ರಿಂದ 200ಕ್ಕೆ ಸ್ಟಾರ್ ಬಿದ್ದರೆ ಸಾಕು. 800ಕ್ಕೆ ಬಿದ್ದರೆ ನೀವು ಮತ್ತೆ ಅಂಕ ಕೊಡಲು ತೊಡಗಿದ್ದೀರಿ ಎಂದೇ ಅರ್ಥ.

ಐದನ್ನು ಬಿಟ್ಟು ಒಂದು ಮತ್ತು ಎರಡನ್ನೇ ಆರಿಸಿದ್ದು ಬೆರಳಿನ ಅನುಕೂಲಕ್ಕೆ. 2012ರ ಕೆನಾನ್ 5ಡಿ ಮಾರ್ಕ್ 3 ಮತ್ತು ಅದರ ನಂತರ ಬಂದ 7ಡಿ ಮಾರ್ಕ್ 2 ಕ್ಯಾಮೆರಾಗಳ ಹಿಂಬದಿಯಲ್ಲಿ ‘ರೇಟ್’ ಎಂದೇ ಬರೆದ ಬಟನ್ ಇದೆ. ಒಮ್ಮೆ ಒತ್ತಿದರೆ ಒಂದು ಸ್ಟಾರ್, ಎರಡು ಸಲ ಒತ್ತಿದರೆ ಎರಡು, ಹೀಗೆ ಐದರವರೆಗೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. ಐದು ಸಲ ಒತ್ತುವಾಗ ಲೆಕ್ಕ ತಪ್ಪುತ್ತದೆ, ಒಂದೆರಡು ಸಲಕ್ಕೆ ತಪ್ಪುವುದಿಲ್ಲ. ಸೋನಿಯ ಎ7 ಸರಣಿಯಲ್ಲಿ, ಮೂರನೆಯ ಪೀಳಿಗೆಯಿಂದ ಈಚೆಗೆ, ರೇಟಿಂಗನ್ನು ಒಂದು ಕಸ್ಟಮ್ ಬಟನ್ನಿಗೆ ಕೊಡಬಹುದು; ಆ ಬಟನ್ ಯಾವ ಯಾವ ಸ್ಟಾರ್‌ಗಳನ್ನು ಮಾತ್ರ ತೋರಿಸಬೇಕು ಎಂಬುದನ್ನೂ ಮೆನುವಿನಲ್ಲಿ ಗೊತ್ತುಮಾಡಬಹುದು. ಒಂದು ಮತ್ತು ಎರಡಕ್ಕೆ ಮಾತ್ರ ಗುರುತು ಹಾಕಿ, ಉಳಿದದ್ದನ್ನು ತೆಗೆದುಬಿಡಿ. ನಿಕಾನ್ ಝಡ್ ಸರಣಿಯಲ್ಲಿ ಚಿತ್ರ ನೋಡುವಾಗ ‘ಐ’ ಬಟನ್ ಒತ್ತಿದರೆ ಬರುವ ಪಟ್ಟಿಯಲ್ಲಿ ರೇಟಿಂಗ್ ಇರುತ್ತದೆ. ಅದು ಕೊಂಚ ನಿಧಾನ. ನಿಮ್ಮ ಮಾದರಿಯಲ್ಲಿ ಅದನ್ನು ಬೇರೊಂದು ಬಟನ್ನಿಗೆ ಕೊಡಲು ಅವಕಾಶವಿದೆಯೇ ಎಂದು ಮೆನುವಿನಲ್ಲಿ ಹುಡುಕಿ. ಇದ್ದರೆ ಮೊದಲು ಆ ಕೆಲಸ ಮಾಡಿಕೊಳ್ಳಿ. ನಿಕಾನ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು: ಪ್ರೊಟೆಕ್ಟ್ ಮಾಡಿ ಬೀಗ ಹಾಕಿದ ಚಿತ್ರಕ್ಕೆ ಸ್ಟಾರ್ ಬೀಳುವುದಿಲ್ಲ.

ಬೀಗದ ಮಾತು ಬಂದದ್ದರಿಂದ ಹೇಳುತ್ತೇನೆ. ಸ್ಟಾರ್ ಬರುವುದಕ್ಕೆ ಮೊದಲು ಪತ್ರಿಕಾ ಛಾಯಾಗ್ರಾಹಕರು ಬೇಕಾದ ಚಿತ್ರಗಳಿಗೆ ಬೀಗ ಹಾಕಿಯೇ ಗುರುತು ಮಾಡಿಕೊಳ್ಳುತ್ತಿದ್ದರು. ಈಗಲೂ ಕೆಲವರು ಹಾಗೆ ಮಾಡುತ್ತಾರೆ. ಬೀಗ ಹಾಕಿದ ಚಿತ್ರ ಅಳಿಸುವ ಬಟನ್ನಿಗೆ ಬಗ್ಗುವುದಿಲ್ಲ ಎಂಬುದು ನಿಜ, ಆದರೆ ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಅದೂ ಹೋಗುತ್ತದೆ. ‘ಲಾಕ್ ಮಾಡಿದ್ದೆನಲ್ಲ’ ಎಂದು ನಂಬಿ ಫಾರ್ಮ್ಯಾಟ್ ಮಾಡಿ ಅತ್ತವರನ್ನು ನಾನು ಕಂಡಿದ್ದೇನೆ.

ಇಷ್ಟೇ ಗಟ್ಟಿಯಾಗಿ ಹೇಳಬೇಕಾದ ಇನ್ನೊಂದು ಮಾತು: ಮಂಟಪದಲ್ಲಿ ನಿಂತು ಯಾವ ಚಿತ್ರವನ್ನೂ ಅಳಿಸಬೇಡಿ, ‘ಬೇಡ’ ಎಂಬ ಗುರುತನ್ನೂ ಹಾಕಬೇಡಿ. ನಿಕಾನ್‌ನಲ್ಲಿ ಅಳಿಸಬಹುದಾದ ಚಿತ್ರ ಎಂದು ತೋರಿಸುವ ಕಸದ ಬುಟ್ಟಿಯ ಗುರುತು ಕೂಡ ಇದೆ. ಅದನ್ನು ಮುಟ್ಟಬೇಡಿ. ಮೂರು ಇಂಚಿನ ಪರದೆ ‘ಬೇಡ’ ಎಂದು ತೀರ್ಮಾನಿಸಲು ಸಾಲದು. ನೀವು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲು) ತೆಗೆದರೂ ಪರದೆಯಲ್ಲಿ ಕಾಣುವುದು ಕ್ಯಾಮೆರಾ ತಾನೇ ಬಣ್ಣ ಕಾಂಟ್ರಾಸ್ಟ್ ಹಾಕಿ ತಯಾರಿಸಿದ ಜೆಪೆಗ್ ಚಿತ್ರ. ಬೆಳಕು ಕತ್ತಲೆಯ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್ ನಕ್ಷೆ ಕೂಡ ಅದರದ್ದೇ. ಬಿಳಿ ಪಂಚೆ ಸುಟ್ಟುಹೋದಂತೆ ಪರದೆ ಮಿನುಗಿ ತೋರಿಸಿದರೂ ರಾ ಫೈಲಿನಲ್ಲಿ ಅದರ ನೆರಿಗೆಗಳು ಉಳಿದಿರಬಹುದು. ಬಿಸಿಲಿನ ಚಪ್ಪರದಡಿ ಕತ್ತಲೆ ಎನಿಸಿದ ಚಿತ್ರ ಮನೆಯಲ್ಲಿ ಸರಿಯಾಗಿಯೇ ಇರುತ್ತದೆ. ‘ಇದು ಬೇಕು’ ಎಂಬ ತೀರ್ಮಾನ ತಪ್ಪಾದರೆ ಕಂಪ್ಯೂಟರಿನಲ್ಲಿ ಒಂದು ಸ್ಟಾರ್ ತೆಗೆದರಾಯಿತು. ‘ಬೇಡ’ ಎಂಬುದು ತಪ್ಪಾದರೆ ಆ ಚಿತ್ರವೇ ಇರುವುದಿಲ್ಲ.

ಫೋಕಸ್ ಪರೀಕ್ಷೆ ಮಾತ್ರ ಅಲ್ಲಿಯೇ ಮಾಡಬೇಕು. ಆದರೆ ಅದು ಆಯ್ಕೆಗಾಗಿ ಅಲ್ಲ, ಇನ್ನೊಮ್ಮೆ ತೆಗೆಯಬೇಕೇ ಎಂದು ತಿಳಿಯಲು. ಕುಟುಂಬದ ಗುಂಪು ಚಿತ್ರ ತೆಗೆದ ಕೂಡಲೇ ಹಿಗ್ಗಿಸಿ ಹಿಂದಿನ ಸಾಲಿನ ಕಣ್ಣುಗಳನ್ನು ನೋಡಿ. ಎಲ್ಲರ ಕಣ್ಣೂ ತೆರೆದಿದ್ದರೆ ಅಲ್ಲೇ ಸ್ಟಾರ್ ಹಾಕಿ ಮುಂದಿನ ಗುಂಪನ್ನು ಕರೆಯಿರಿ. ಇದರಿಂದ ಉಳಿಯುವ ಸಮಯ ಬಹಳ. ಒಂದೊಂದು ಗುಂಪಿಗೆ ಐದೈದು ಚಿತ್ರದಂತೆ ನಲವತ್ತು ಗುಂಪು ತೆಗೆದಿರುತ್ತೀರಿ. ಆ 200 ಚಿತ್ರಗಳಲ್ಲಿ ಕಣ್ಣು ಮುಚ್ಚದವರನ್ನು ಹುಡುಕುವುದೇ ಆಯ್ಕೆಯ ಅತ್ಯಂತ ಬೇಸರದ ಭಾಗ. ವೇದಿಕೆಯ ಮೇಲೆ ಹೇಗೂ ಪರದೆ ನೋಡುತ್ತೀರಿ, ಅದೇ ನೋಟದಲ್ಲಿ ಆಯ್ಕೆಯೂ ಮುಗಿಯುತ್ತದೆ. ಹಿಗ್ಗಿಸುವ ಕೆಲಸವನ್ನು ಒಂದೇ ಒತ್ತಿಗೆ ಬರುವಂತೆ, ಫೋಕಸ್ ಬಿದ್ದ ಜಾಗವೇ ತೆರೆದುಕೊಳ್ಳುವಂತೆ ಸೆಟ್ಟಿಂಗ್ ಮಾಡಿಕೊಳ್ಳಿ. ಈಗಿನ ಬಹುತೇಕ ಕ್ಯಾಮೆರಾಗಳಲ್ಲಿ ಆ ಸೌಲಭ್ಯವಿದೆ.

ಇನ್ನು ವಧುವಿನ ತಂದೆಯ ಕಣ್ಣೀರಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವಾದದ್ದು ಅದೇ. ಅದನ್ನು ತಪ್ಪಿಸಲು ಒಂದೇ ಕಟ್ಟುಪಾಡು: ಶಾಸ್ತ್ರ ನಡೆಯುತ್ತಿರುವಾಗ ಪರದೆ ಮುಟ್ಟಕೂಡದು. ಚಿತ್ರ ತೆಗೆದ ಕೂಡಲೇ ತಾನಾಗಿ ಪರದೆಯಲ್ಲಿ ಮೂಡುವ ಸೆಟ್ಟಿಂಗನ್ನೇ ಆಫ್ ಮಾಡಿಬಿಡಿ, ಕಣ್ಣು ಅತ್ತ ಎಳೆಯುವುದು ತಪ್ಪುತ್ತದೆ. ಅಂತರಪಟ ಹಿಡಿದಾಗಿನಿಂದ ಜೀರಿಗೆ ಬೆಲ್ಲ, ಧಾರೆ, ಗಟ್ಟಿಮೇಳ, ಮಾಂಗಲ್ಯ, ಸಪ್ತಪದಿ ಮುಗಿಯುವವರೆಗೆ ಒಂದೂ ಸ್ಟಾರ್ ಬೇಡ. ಅದರಲ್ಲೂ ಗಟ್ಟಿಮೇಳ ನಿಂತ ಮೇಲಿನ ಎರಡು ನಿಮಿಷ. ವಾದ್ಯ ನಿಂತಿತು, ಅಕ್ಷತೆ ಬಿದ್ದಾಯಿತು, ಮುಖ್ಯ ಚಿತ್ರ ಸಿಕ್ಕಿತು ಎಂದು ಛಾಯಾಗ್ರಾಹಕರೆಲ್ಲ ಕ್ಯಾಮೆರಾ ಇಳಿಸುವ ಹೊತ್ತು ಅದು. ತಂದೆ ತಾಯಿಯ ಮುಖ ಬದಲಾಗುವುದೂ ಆಗಲೇ.

ಬಿಡುವು ಬೇರೆ ಕಡೆ ಬೇಕಾದಷ್ಟಿದೆ. ನಾಂದಿ ಮುಗಿದು ವರನನ್ನು ಎದುರುಗೊಳ್ಳುವ ನಡುವೆ ಸ್ವಲ್ಪ ಹೊತ್ತು, ಪುರೋಹಿತರು ಹೋಮದ ಸಿದ್ಧತೆ ಮಾಡಿಕೊಳ್ಳುವಾಗ ಸ್ವಲ್ಪ ಹೊತ್ತು, ವಧು ಸೀರೆ ಬದಲಿಸಲು ಹೋದಾಗ ಅರ್ಧ ಗಂಟೆ. ಊಟದ ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸಿಕೊಂಡು ಬರುವವರೆಗಿನ ಹತ್ತು ನಿಮಿಷವನ್ನು ನಾನು ಯಾವತ್ತೂ ಇದಕ್ಕೇ ಇಟ್ಟುಕೊಳ್ಳುತ್ತೇನೆ. ಆಗ ಹಿಂದಿನ ಶಾಸ್ತ್ರದ ಕೊನೆಯ ಚಿತ್ರದಿಂದ ಹಿಮ್ಮುಖವಾಗಿ ಹೋಗುತ್ತೇನೆ. ಕೊನೆಯಲ್ಲಿ ತೆಗೆದವು ಸಾಮಾನ್ಯವಾಗಿ ಚೆನ್ನಾಗಿರುತ್ತವೆ, ಏಕೆಂದರೆ ಆ ಹೊತ್ತಿಗೆ ಬೆಳಕು, ಜಾಗ ಎರಡೂ ಕೈಗೆ ಹತ್ತಿರುತ್ತವೆ. ಒಂದು ಚಿತ್ರದ ಮೇಲೆ ಒಂದು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ. ನೆನಪಿರುವುದನ್ನು ಹುಡುಕಿಕೊಂಡು ಹೋಗುತ್ತೇನೆಯೇ ಹೊರತು ಎಲ್ಲವನ್ನೂ ಪರಿಶೀಲಿಸುವುದಿಲ್ಲ. ಹೀಗೆ ಮಾಡಿದರೆ ಇಡೀ ದಿನಕ್ಕೆ ಪರದೆ ಬೆಳಗುವುದು ಅರ್ಧ ಗಂಟೆ, ಮುಕ್ಕಾಲು ಗಂಟೆ. ಬ್ಯಾಟರಿಯ ಸಮಸ್ಯೆ ಅಲ್ಲಿಗೇ ತೀರುತ್ತದೆ. ಹೆಚ್ಚುವರಿ ಬ್ಯಾಟರಿ ಜೇಬಿನಲ್ಲಿರಲಿ, ಅದು ಬೇರೆ ಮಾತು.

ಸ್ಟಾರ್‌ಗಳು ಲೈಟ್‌ರೂಮ್‌ನಲ್ಲಿ ಏಕೆ ಕಾಣಲಿಲ್ಲ? ನೀವು ಹಾಕಿದ ಸ್ಟಾರ್ ಚಿತ್ರದ ಫೈಲಿನ ಒಳಗೇ, ಷಟರ್ ವೇಗ, ಲೆನ್ಸ್ ಮುಂತಾದ ವಿವರಗಳ ಜೊತೆಯಲ್ಲಿ ಬರೆದಿರುತ್ತದೆ. ಇಂಥ ವಿವರಗಳನ್ನು ಬರೆದಿಡಲು 2001ರಲ್ಲಿ ಅಡೋಬಿ ಸಂಸ್ಥೆ ತಂದ ಎಕ್ಸ್‌ಎಂಪಿ ಎಂಬ ವ್ಯವಸ್ಥೆಯಲ್ಲಿ ರೇಟಿಂಗಿಗೆಂದೇ ಒಂದು ಜಾಗವಿದೆ. ಹೀಗಾಗಿ ಕೆನಾನ್, ನಿಕಾನ್, ಸೋನಿ ಕ್ಯಾಮೆರಾಗಳ ಸ್ಟಾರ್‌ಗಳನ್ನು ಲೈಟ್‌ರೂಮ್ ಕ್ಲಾಸಿಕ್, ಫೋಟೊ ಮೆಕ್ಯಾನಿಕ್‌ನಂತಹ ತಂತ್ರಾಂಶಗಳು ಓದುತ್ತವೆ. ನಿಮ್ಮ ವಿಷಯದಲ್ಲಿ ನನಗೆ ಮೊದಲು ಅನುಮಾನ ಬರುವುದು ಎರಡು ಕಾರ್ಡುಗಳ ಮೇಲೆ. ಮದುವೆಯವರು ಸಾಮಾನ್ಯವಾಗಿ ಒಂದರಲ್ಲಿ ರಾ, ಇನ್ನೊಂದರಲ್ಲಿ ಜೆಪೆಗ್, ಅಥವಾ ಎರಡರಲ್ಲೂ ಒಂದೇ ಪ್ರತಿ ಇಟ್ಟುಕೊಳ್ಳುತ್ತಾರೆ. ನೀವು ಎರಡನೆಯ ಕಾರ್ಡಿನ ಚಿತ್ರಗಳನ್ನು ನೋಡುತ್ತಾ ಸ್ಟಾರ್ ಹಾಕಿ, ಮನೆಗೆ ಬಂದು ಮೊದಲನೆಯ ಕಾರ್ಡನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದರೆ ಒಂದೂ ಸ್ಟಾರ್ ಬಾರದಿರುವುದು ಸಹಜ. ಪರದೆಯಲ್ಲಿ ಯಾವ ಕಾರ್ಡಿನ ಪ್ರತಿ ತೆರೆದಿದೆಯೋ ಅದಕ್ಕೆ ಮಾತ್ರ ಗುರುತು ಬಿದ್ದಿರಬಹುದು. ಯಾವ ಕಾರ್ಡಿನಿಂದ ಚಿತ್ರಗಳನ್ನು ಇಳಿಸಿಕೊಳ್ಳುತ್ತೀರೋ ಅದೇ ಕಾರ್ಡನ್ನು ನೋಡುವುದಕ್ಕೂ ಗೊತ್ತುಮಾಡಿ.

ಇನ್ನೊಂದು ಸಾಧ್ಯತೆ: ಮೊದಲ ದಿನದ ರಾತ್ರಿಯೇ ಕಾರ್ಡನ್ನು ಲೈಟ್‌ರೂಮ್‌ಗೆ ಇಳಿಸಿಕೊಂಡು, ಅದೇ ಕಾರ್ಡಿನಲ್ಲಿ ಮರುದಿನ ಹಳೆಯ ಚಿತ್ರಗಳಿಗೆ ಸ್ಟಾರ್ ಹಾಕಿದ್ದರೆ, ಆ ಸ್ಟಾರ್‌ಗಳು ಕಾರ್ಡಿನಲ್ಲಿ ಇರುತ್ತವೆ, ಕಂಪ್ಯೂಟರಿನ ಪ್ರತಿಯಲ್ಲಿ ಇರುವುದಿಲ್ಲ. ಲೈಟ್‌ರೂಮ್ ಬದಲು ಡಾರ್ಕ್‌ಟೇಬಲ್ ತಂತ್ರಾಂಶ ಬಳಸುವವರು ಚಿತ್ರ ಇಳಿಸಿಕೊಳ್ಳುವ ಸೆಟ್ಟಿಂಗುಗಳಲ್ಲಿ ಕ್ಯಾಮೆರಾದ ರೇಟಿಂಗನ್ನು ಕಡೆಗಣಿಸುವ ಆಯ್ಕೆಗೆ ಗುರುತು ಬಿದ್ದಿದೆಯೇ ನೋಡಬೇಕು. ಏನೇ ಇರಲಿ, ಮುಂದಿನ ಮದುವೆಗೆ ಮೊದಲು ಮನೆಯಂಗಳದಲ್ಲಿ ಹತ್ತು ಚಿತ್ರ ತೆಗೆದು, ಮೂರಕ್ಕೆ ಸ್ಟಾರ್ ಹಾಕಿ, ಮದುವೆಯಲ್ಲಿ ಮಾಡುವಂತೆಯೇ ಎರಡೂ ಕಾರ್ಡು ಬಳಸಿ ಕಂಪ್ಯೂಟರಿಗೆ ಇಳಿಸಿ. ಮೂರೂ ಕಂಡರೆ ದಾರಿ ಸರಿಯಿದೆ.

ಸ್ಟಾರ್ ಬಂದ ಮೇಲೆ ಏನು ಮಾಡಬೇಕು ಎಂಬುದು ಅಷ್ಟೇ ಮುಖ್ಯ. ಎಲ್ಲವನ್ನೂ ಇಳಿಸಿಕೊಳ್ಳಿ. ಲೈಟ್‌ರೂಮ್‌ನಲ್ಲಿ ಆಗ ‘ಎಂಬೆಡೆಡ್ ಅಂಡ್ ಸೈಡ್‌ಕಾರ್’ ಎಂಬ ಪ್ರಿವ್ಯೂ ಆರಿಸಿದರೆ ಕ್ಯಾಮೆರಾ ಮಾಡಿದ ಚಿತ್ರವನ್ನೇ ತೋರಿಸುವುದರಿಂದ ಕಾಯಬೇಕಾಗುವುದಿಲ್ಲ. ನಂತರ ಫಿಲ್ಟರಿನಲ್ಲಿ ಎರಡು ಸ್ಟಾರ್ ಇಟ್ಟು ಆ ಹತ್ತು ಹನ್ನೆರಡನ್ನು ಸರಿಮಾಡಿ ಕಳುಹಿಸಿ. ಮಲಗಿ. ಮರುದಿನ ಒಂದು ಸ್ಟಾರ್ ಮತ್ತು ಮೇಲಿನ ಎಲ್ಲವನ್ನೂ ತೆರೆಯಿರಿ. ಇವು 200ರ ಆಸುಪಾಸು ಇರುತ್ತವೆ. ಮದುವೆಯ ಕತೆ ಆದಿಯಿಂದ ಅಂತ್ಯದವರೆಗೆ ಇಷ್ಟರಲ್ಲೇ ಕಾಣುತ್ತದೆ, ಎಲ್ಲಿ ಕೊಂಡಿ ತಪ್ಪಿದೆ ಎಂಬುದೂ ಕಾಣುತ್ತದೆ. ಉಳಿದ 3,800 ಚಿತ್ರಗಳಿಗೆ ಹೋಗುವಾಗ ಈಗ ನಿಮಗೆ ಬೇಕಾದದ್ದು ಏನೆಂದು ಗೊತ್ತು: ಕಾಶಿಯಾತ್ರೆಯದು ಎರಡು ಕಡಿಮೆ ಇದೆ, ವರನ ಅಕ್ಕನ ಚಿತ್ರ ಒಂದೂ ಇಲ್ಲ, ಊಟದ ಮನೆಯದು ಬೇಕು. ಹುಡುಕಬೇಕಾದದ್ದು ಗೊತ್ತಿದ್ದಾಗ ಕಣ್ಣು ಬೇಗ ಓಡುತ್ತದೆ. ಈ ಸುತ್ತಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿಟ್ಟುಕೊಂಡರೆ ಗುರುತು ಹಾಕಿದ ಕೂಡಲೇ ಮುಂದಿನ ಚಿತ್ರ ತಾನಾಗಿ ಬರುತ್ತದೆ. ಹೊಸದಾಗಿ ಆರಿಸಿದ್ದಕ್ಕೆ ಸ್ಟಾರ್ ಬದಲು ‘ಪಿ’ ಕೀ ಒತ್ತಿ ಬಾವುಟ ಹಾಕಿ. ಮಂಟಪದಲ್ಲಿ ಆರಿಸಿದ್ದು ಯಾವುದು, ಮನೆಯಲ್ಲಿ ಆರಿಸಿದ್ದು ಯಾವುದು ಎಂಬುದು ಬೇರೆಬೇರೆಯಾಗಿ ಉಳಿಯುತ್ತದೆ. ಆಯ್ಕೆ ಮುಗಿಯುವವರೆಗೆ ಬಣ್ಣ ತಿದ್ದುವ ವಿಭಾಗಕ್ಕೆ ಕಾಲಿಡಬೇಡಿ.

ಬಣ್ಣ ತಿದ್ದುವಾಗಲೂ ಸ್ಟಾರ್ ಒಂದು ಉಪಕಾರ ಮಾಡುತ್ತದೆ, ಇದನ್ನು ಹೆಚ್ಚಿನವರು ಬಳಸಿಕೊಳ್ಳುವುದಿಲ್ಲ. ಕಲ್ಯಾಣಮಂಟಪದಲ್ಲಿ ಬೆಳಕು ಗಳಿಗೆಗೊಂದು ಬಗೆ. ಬಾಗಿಲ ಬಳಿ 5,500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಗಲು, ಒಳಗೆ 3,200ರ ಸುತ್ತಮುತ್ತಲಿನ ಹಳದಿ ಹ್ಯಾಲೊಜೆನ್, ವಿಡಿಯೊದವರ ಎಲ್‌ಇಡಿ ಬೇರೆ, ಸಂಜೆ ವೇದಿಕೆಯ ನೇರಳೆ ದೀಪಗಳು ಬೇರೆ. ಬೆಳಕು ಬದಲಾದ ಪ್ರತಿ ಸಲ ಚರ್ಮದ ಬಣ್ಣ ಚೆನ್ನಾಗಿ ಕಾಣುವ ಒಂದು ಚಿತ್ರಕ್ಕೆ ಸ್ಟಾರ್ ಹಾಕಿಕೊಳ್ಳಿ. ಮನೆಯಲ್ಲಿ ಆ ಒಂದನ್ನು ಶ್ರದ್ಧೆಯಿಂದ ತಿದ್ದಿ, ಅದೇ ಬೆಳಕಿನ ಅಕ್ಕಪಕ್ಕದ ಚಿತ್ರಗಳಿಗೆ ಸಿಂಕ್ ಮಾಡಿ, ಅಂದರೆ ಅದೇ ತಿದ್ದುಪಡಿಯನ್ನು ಅವಕ್ಕೂ ಹಾಕಿ. ಹೀಗೆ ಆಲ್ಬಮ್ಮಿನ ಒಂದೇ ಪುಟದಲ್ಲಿ ವಧುವಿನ ಮುಖ ಎರಡು ಬಣ್ಣದಲ್ಲಿ ಕಾಣುವ ದೋಷವೂ ತಪ್ಪುತ್ತದೆ.

ನಿಮ್ಮ ತಮ್ಮನ ಚಿತ್ರಗಳಿಗೆ ಸ್ಟಾರ್ ಹಾಕಬೇಕಾದವರು ಅವರೇ, ನೀವಲ್ಲ. ವರನ ಕೋಣೆಯಲ್ಲಿ ಏನಾಯಿತು ಎಂಬುದು ಅಲ್ಲಿದ್ದ ಅವರಿಗೆ ಗೊತ್ತು. ಒಂದು ಮತ್ತು ಎರಡರ ಅರ್ಥ ಇಬ್ಬರಿಗೂ ಒಂದೇ ಇರಲಿ. ಎರಡು ಸ್ಟಾರ್ ಇಬ್ಬರದೂ ಸೇರಿ ಹನ್ನೆರಡು ಮೀರದಿರಲಿ. ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಮೊಬೈಲ್ ನೋಡಿ ಸರಿಹೊಂದಿಸಿ. ಆಗ ಚಿತ್ರಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿದರೆ ಧಾರೆಯ ಹೊತ್ತಿನ ನಿಮ್ಮ ಚಿತ್ರದ ಪಕ್ಕದಲ್ಲೇ ಅವರದೂ ಬಂದು ಕೂರುತ್ತದೆ. ಧಾರೆಯ ಹೊತ್ತಿಗೆ ಅವರನ್ನು ವಧುವಿನ ತಂದೆ ತಾಯಿಯ ಎದುರು ನಿಲ್ಲಿಸಿ, ಗಟ್ಟಿಮೇಳ ನಿಂತ ಮೇಲೂ ಕ್ಯಾಮೆರಾ ಇಳಿಸಬಾರದೆಂದು ಮೊದಲೇ ಹೇಳಿಡಿ.